ವಕೀಲರಿಲ್ಲದ ಪೇಶಿ

ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಶೇವಂತಾಳ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೊದಲ ಕೂಗಿಗೇ ಆಕೆ ಒಳಗೆ ಹೋಗಿ ನಿಂತಿದ್ದರೂ ಉಳಿದ ಎರಡನ್ನು ಅವನು ಬಿಡುವುದಿಲ್ಲ. ಆ ಕಟ್ಟಡದಲ್ಲಿ ಬಡವರ ಹೆಸರು ಗಟ್ಟಿಯಾಗಿ ಕೇಳಿಸುವುದು ಅದೊಂದೇ ಹೊತ್ತು.

ಒಂದು ವರ್ಷದಲ್ಲಿ ಹನ್ನೊಂದು ಪೇಶಿ. ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು, ಮಹಾಗಾಂವ ದಾಟಿ, ಕಲಬುರಗಿಯಲ್ಲಿ ಇಳಿದು, ಆಟೋಗಳ ನಡುವೆ ತೂರಿ ಕೋರ್ಟು ಮುಟ್ಟುವುದು. ಸಂಜೆಯ ತನಕ ಕಾದು, ಮುಂದಿನ ತಾರೀಖು ಕೇಳಿಕೊಂಡು ಮರಳುವುದು. ಇದಕ್ಕೆ ವಿಚಾರಣೆ ಎನ್ನುತ್ತಾರೆ. ತಪ್ಪು ಮಾಡಿದ್ದಾರೋ ಇಲ್ಲವೋ ಎಂದು ತೀರ್ಮಾನವಾಗುವ ಮೊದಲೇ ಬಡವರು ಅನುಭವಿಸಿ ಮುಗಿಸುವ ಈ ಶಿಕ್ಷೆಗೆ ಕಾನೂನಿನ ಯಾವ ಪುಸ್ತಕದಲ್ಲೂ ಕಲಂ ಇಲ್ಲ.

ಹನ್ನೆರಡನೆಯ ಪೇಶಿಯ ದಿನ ನ್ಯಾಯಾಧೀಶರು ಕಡತದಿಂದ ತಲೆ ಎತ್ತಿ ಕೇಳಿದರು: "ನಿಮ್ಮ ವಕೀಲರೆಲ್ಲಿ ಅಮ್ಮ?"

"ಇನ್ನ ಮುಂದ ನನ್ನ ವಕೀಲಿ ನಾನೇ ಮಾಡ್ತೀನ್ರಿ ಸಾಹೇಬ್ರ."

ಕಪ್ಪು ಕೋಟುಗಳ ಸಾಲಿನಲ್ಲಿ ನಗು ಹರಿದಾಡಿತು. "ವಕೀಲಬಾಯಿ ಬಂದಾಳ, ಕುರ್ಚಿ ಬಿಡ್ರಪಾ," ಎಂದು ಯಾರೋ ಮೆಲ್ಲಗೆ ಅಂದರು. ಶೇವಂತಾ ಅತ್ತ ತಿರುಗಲಿಲ್ಲ. ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸುವವಳಿಗೆ ಗದ್ದಲ ಹೊಸದಲ್ಲ.

ನ್ಯಾಯಾಧೀಶರು ಮಂಡ್ಯದ ಕಡೆಯವರು, ಎಳೆಯ ವಯಸ್ಸು. "ಉಚಿತವಾಗಿ ಒಬ್ಬರನ್ನು ಕೊಟ್ಟಿದ್ದೆವಲ್ಲ?"

"ಕೊಟ್ಟಿದ್ರಿ. ಮೂರು ಸಲ ಸಿಕ್ಕಾರ. ಮೂರೂ ಸಲ, ತಪ್ಪ ಒಪ್ಕೋ ಬಾಯಿ, ಸಣ್ಣ ದಂಡ ಹಾಕ್ತಾರ, ಮನಿಗಿ ಹೋಗು ಅಂದಾರ. ಮಾಡ್ದೇ ಇದ್ದದ್ದು ಹ್ಯಾಂಗ ಒಪ್ಕೋಲಿ ರಿ?"

"ಬೇರೆಯವರನ್ನು ನೇಮಿಸುತ್ತೇನೆ."

"ಅವ್ರೂ ಅದನ್ನೇ ಹೇಳಿದ್ರ?"

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. "ನಿಮಗೆ ಆ ಹಕ್ಕು ಇದೆ. ಆದರೆ ಇಲ್ಲಿ ಟೈಪ್ ಆದದ್ದೇ ಉಳಿಯುತ್ತದೆ. ನಿಮ್ಮ ಬಾಯಿಂದ ಬಂದದ್ದು ನಿಮಗೇ ತಿರುಗಬಹುದು. ತಿಳಿಯಿತೆ?"

"ತಿಳೀತ್ರಿ," ಎಂದಳು. ತಿಳಿದಿರಲಿಲ್ಲ.

ಕೇಸು ಒಂದು ದಾರಿಯದು. ಕಮಲಾಪುರದ ಅಂಚಿನಲ್ಲಿರುವ ಅವರ ಕೇರಿಯಿಂದ ಮಣ್ಣು ಮಾಡುವ ಜಾಗಕ್ಕೆ ಅಜ್ಜ-ಮುತ್ತಜ್ಜರ ಕಾಲದಿಂದ ಒಂದು ಕಾಲುದಾರಿಯಿತ್ತು. ಅದು ದತ್ತಪ್ಪ ಸಾಹುಕಾರನ ಹೊಲದ ಬದುವಿಗೆ ಹತ್ತಿ ಹೋಗುತ್ತಿತ್ತು. ಹೋದ ವರ್ಷ, ಎರಡು ಸಾವಿರದ ಇಪ್ಪತ್ನಾಲ್ಕರ ಫೆಬ್ರವರಿ ಹದಿನಾರರಂದು, ಸಾಹುಕಾರ ಆ ದಾರಿಯ ಮೇಲೆ ಟ್ರ್ಯಾಕ್ಟರ್ ಹೊಡೆಸಿದ. ಪಕ್ಕದ ಹೊಲದಲ್ಲಿ ಕೂಲಿಗೆ ಜೋಳ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ಅಂದು ಶಾಲೆಗೆ ರಜೆ ಹಾಕಿ ಅವರ ಜೊತೆ ಹೋಗಿದ್ದ ಶೇವಂತಾ ಎಲ್ಲರಿಗಿಂತ ಮುಂದೆ ಬಂದು ಟ್ರ್ಯಾಕ್ಟರಿನ ಎದುರು ನಿಂತಳು. ಅಷ್ಟೇ ನಡೆದದ್ದು. ಆದರೆ ದೂರಿನಲ್ಲಿ ಅವಳ ಕೈಗೆ ಒಂದು ಕುಡುಗೋಲು ಬಂದಿತ್ತು. "ಕುತ್ತಿಗಿ ಕೊಯ್ತೀನಿ" ಎಂಬ ಮಾತೂ ಬಂದಿತ್ತು.

ಅಂದಿನಿಂದ ದಾರಿಯ ಬಾಯಿಗೆ ಜಾಲಿಮುಳ್ಳಿನ ಬೇಲಿ. ಅರ್ಜಿ ಹಿಡಿದು ಹೋದರೆ ತಹಸೀಲ್ ಕಚೇರಿಯವರು, "ಮೊದಲು ಕ್ರಿಮಿನಲ್ ಕೇಸು ಇತ್ಯರ್ಥ ಆಗಲಿ," ಅಂದರು. ಆ ಮಳೆಗಾಲದಲ್ಲಿ ಪಕ್ಕದ ಮನೆಯ ಜಯದೇವಿಯ ಗಂಡ ತೀರಿಕೊಂಡಾಗ ಹೆಣವನ್ನು ಹಳ್ಳದೊಳಗಿಂದ ಸುತ್ತುಹಾಕಿ ಒಯ್ಯಬೇಕಾಯಿತು. ಮೊಣಕಾಲುದ್ದ ನೀರು. ನಡುವೆ ಒಬ್ಬನ ಕಾಲು ಜಾರಿ ಚಟ್ಟ ವಾಲಿತು. ಜಯದೇವಿ ಅದನ್ನು ದಂಡೆಯ ಮೇಲೆ ನಿಂತು ನೋಡಿದಳು. ನಂತರ ಗಂಡನ ಗೋರಿಗೆ ಒಂದು ಸಲವೂ ಹೋಗಿಬರಲಾಗಲಿಲ್ಲ.

ಶೇವಂತಾ ತಪ್ಪು ಒಪ್ಪಿಕೊಂಡರೆ ಅವಳು ಹೆಚ್ಚೇನೂ ಕಳೆದುಕೊಳ್ಳುತ್ತಿರಲಿಲ್ಲ. ಆದರೆ ಕೇರಿಯ ಕೈಯಿಂದ ದಾರಿ ಹೋಗುತ್ತಿತ್ತು. ಇಲ್ಲದ ದಾರಿಗಾಗಿ ಕೇರಿಯವರು ಆಯುಧ ಹಿಡಿದು ಬಂದರು ಎಂದು ಸರ್ಕಾರದ ಕಾಗದವೇ ಸಾಹುಕಾರನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಸತ್ತವರನ್ನು ಎಂದೆಂದಿಗೂ ಹಳ್ಳದಲ್ಲಿ ಒಯ್ಯಬೇಕು ಎಂಬುದಕ್ಕೆ ಅವಳ ಸಹಿ ಬೇಕಾಗಿತ್ತು.

ಮುಂದಿನ ಪೇಶಿಗೆ ಸಾಹುಕಾರನೇ ಕಟಕಟೆ ಹತ್ತಿದ. ಇಸ್ತ್ರಿಯ ಬಿಳಿ ಅಂಗಿ, ಹೆಗಲಿಗೆ ಶಲ್ಯ. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಪಾಠ ಒಪ್ಪಿಸುವವನಂತೆ ಹೇಳಿದ. ಪಾಟೀಸವಾಲು ಮಾಡುವ ಸರದಿ ಶೇವಂತಾಳಿಗೆ ಬಂತು. ಒಂದು ವರ್ಷ ಬಾಯಿ ಕಟ್ಟಿಕೊಂಡಿದ್ದವಳು. ಶುರು ಮಾಡಿದವಳು ನಿಲ್ಲಲೇ ಇಲ್ಲ. ಮುತ್ತಜ್ಜನಿಂದ ಹಿಡಿದು ಟ್ರ್ಯಾಕ್ಟರಿನ ಬಣ್ಣದ ತನಕ ಹೇಳಿದಳು. ಬೆರಳಚ್ಚುಗಾರ ಕೈಕಟ್ಟಿ ಕೂತೇ ಇದ್ದ. ಒಂದಕ್ಷರವೂ ಇಳಿಯುತ್ತಿರಲಿಲ್ಲ.

"ಅಮ್ಮ, ಇದು ನೀವು ಹೇಳುವ ಹೊತ್ತಲ್ಲ, ಕೇಳುವ ಹೊತ್ತು. ಪ್ರಶ್ನೆ ಇದೆಯೇ?"

"ಅದ ರಿ. ಜೋಳ ಕೀಳಾಕ ಹೋದವ್ರಿಗಿ ಕುಡಗೋಲ ಯಾಕ ಬೇಕಾಗ್ತದ, ಕೇಳ್ರಿ ಅವ್ರಿಗಿ."

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. "ಕೊಯ್ಲಿಗೆ ಕುಡುಗೋಲು ಬೇಡವೆ?" ಅವರ ಊರಿನಲ್ಲಿ ರಾಗಿ ಕೊಯ್ಯುತ್ತಾರೆ. ಈ ಕಡೆ ಬಿಳಿಜೋಳವನ್ನು ಬೇರುಸಮೇತ ಕೈಯಿಂದ ಕಿತ್ತು ಹಾಸುತ್ತಾರೆ, ಅಂಗೈ ಸುಲಿದು ರಕ್ತ ಬರುತ್ತದೆ ಎಂದು ಅವರಿಗೆ ಹೇಳುವವರು ಯಾರು?

ಸಾಹುಕಾರ ಸಂದು ಬಿಡಲಿಲ್ಲ. "ಇವರು ಕೈಯಾಗ ಏನೇನ್ ಹಿಡ್ಕೊಂಡ ಅಡ್ಡಾಡ್ತಾರೋ ನನಗೇನ್ ಗೊತ್ತ್ರಿ. ಏ ಶೇವಂತಿ, ನೀ ಹಿಡ್ಕೊಂಡದ್ದು ನಾ ನೋಡೀನಿ."

"ಕೋರ್ಟಿನಲ್ಲಿ ಏಕವಚನ ಬೇಡ," ಎಂದರು ನ್ಯಾಯಾಧೀಶರು. ಅಷ್ಟು ಸಾಕಾಯಿತು, ಶೇವಂತಾ ಉಬ್ಬಿಹೋದಳು. ಉಬ್ಬಿದ್ದೇ ತಪ್ಪಾಯಿತು. "ಸಾಹುಕಾರ್ರ, ನಾ ಟ್ರ್ಯಾಕ್ಟರ್ ಮುಂದ ಅಡ್ಡ ನಿಂತಾಗ ನೀವು ಏನಂದ್ರಿ, ಅದನ್ನ ಹೇಳ್ರಿ ಧೈರ್ಯಿದ್ರ."

"ಕುಡಗೋಲ ಕೆಳಗ ಇಡು ತಾಯಿ, ಜೀವ ಉಳಸು ಅಂದೆ," ಎಂದ ಸಾಹುಕಾರ, ಕಣ್ಣು ಕೂಡ ಮಿಟುಕಿಸದೆ.

ಈಗ ಬೆರಳಚ್ಚು ಟಕಟಕ ಶುರುವಾಯಿತು. ಅಡ್ಡ ನಿಂತದ್ದನ್ನು ಅವಳೇ ಒಪ್ಪಿದಂತಾಯಿತು, ಕುಡುಗೋಲು ಇನ್ನೊಂದು ಸಲ ದಾಖಲಾಯಿತು. ಕಪ್ಪು ಕೋಟುಗಳ ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ. ಅದು ನಗುವಿಗಿಂತ ಕೆಟ್ಟದಾಗಿತ್ತು.

ಭಾನುವಾರ ಕೇರಿಯ ವಿಹಾರದಲ್ಲಿ ಓದುಕೂಟ. ಹತ್ತು-ಹನ್ನೆರಡು ಜನ ಬುದ್ಧನ ಮೂರ್ತಿಯ ಎದುರು ಚಾಪೆಯ ಮೇಲೆ ಸುತ್ತ ಕೂತು ಪುಸ್ತಕ ಓದುತ್ತಾರೆ. ಒಬ್ಬರು ಒಂದು ಸಾಲು ಓದಬೇಕು, ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಆಮೇಲೆ ಪುಸ್ತಕ ಪಕ್ಕದವರಿಗೆ. ಎರಡು ವರ್ಷ ಸಂವಿಧಾನ ಓದಿದ್ದರು. ಈಗ ನಲವತ್ತೆರಡು ಪುಟದ ಚಾರ್ಜ್‌ಶೀಟ್ ಓದುತ್ತಿದ್ದರು. ಅದರಷ್ಟು ಕಲ್ಪನೆ ತುಂಬಿದ ಪುಸ್ತಕ ಆ ಕೂಟಕ್ಕೆ ಹಿಂದೆಂದೂ ಬಂದಿರಲಿಲ್ಲ.

ಆ ಭಾನುವಾರ ಓದು ನಿಲ್ಲಿಸಿ ಅಲ್ಲೇ ಒಂದು ಕೋರ್ಟು ಕಟ್ಟಿದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದ ಗುಂಡಣ್ಣ ಟವೆಲ್ಲು ಹೊದ್ದು ನ್ಯಾಯಾಧೀಶನಾದ. ಸಾಹುಕಾರನಾಗಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಎದ್ದವಳು ಜಯದೇವಿ. ಸೆರಗನ್ನು ಶಲ್ಯದಂತೆ ಹೆಗಲಿಗೆ ಹಾಕಿಕೊಂಡು, ಹೊಟ್ಟೆ ಮುಂದೆ ಮಾಡಿ, "ಏ ಶೇವಂತಿ, ನಿಮ್ಮಪ್ಪನ ದಾರಿ ಏನ ಇದು?" ಎಂದು ಗದರಿದಾಗ ಮೂಲೆಯ ಮುದುಕಿಯೊಬ್ಬಳು ನಿಜಕ್ಕೂ ಚಪ್ಪಲಿಗೆ ಕೈ ಹಾಕಿದಳು. ಎಲ್ಲರೂ ನಕ್ಕರು. ಗಂಡ ಸತ್ತ ಮೇಲೆ ಜಯದೇವಿ ನಕ್ಕದ್ದು ಅಂದೇ.

"ಪ್ರಶ್ನಿ ಕೇಳು, ಪುರಾಣ ಹೇಳಬ್ಯಾಡ," ಎಂದ ಗುಂಡಣ್ಣ, ನೆಲಕ್ಕೆ ಚಪ್ಪಲಿ ಕುಟ್ಟುತ್ತ. "ನಿನ್ನ ಬಾಯಿ ಬಸ್ಸಿನ ಬ್ರೇಕ್ ಫೇಲಾದಂಗ ಹೊಂಟದ."

ಜಯದೇವಿಯ ಮಗಳು ಪಂಚಶೀಲಾ ಬಿ.ಎ. ಕಡೆಯ ವರ್ಷದಲ್ಲಿದ್ದಳು. ಅವಳು ಪ್ರಶ್ನೆಗಳನ್ನು ಒಂದೊಂದೇ ಬರೆದು, "ಇದಕ್ಕ ಅವ ಹೌದು ಅಂದ್ರ ಏನಾಗ್ತದ? ಇಲ್ಲ ಅಂದ್ರ ಏನಾಗ್ತದ?" ಎಂದು ಕೇಳುತ್ತ ಹೋದಳು. ಎರಡರಲ್ಲಿ ಒಂದು ಉತ್ತರ ತಮಗೇ ಪೆಟ್ಟು ಕೊಡುವಂತಿದ್ದರೂ ಆ ಪ್ರಶ್ನೆಗೆ ಗೀಟು. ಇಪ್ಪತ್ತಾರು ಪ್ರಶ್ನೆಗಳಲ್ಲಿ ಉಳಿದದ್ದು ಮೂರು. ಆ ಮೂರೂ ಪ್ರಯೋಜನಕ್ಕೆ ಬಾರದವು.

ಮತ್ತೆ ಚಾರ್ಜ್‌ಶೀಟ್ ಹಿಡಿದರು. ಕುಡುಗೋಲನ್ನು ಜಪ್ತಿ ಮಾಡಿದ ಪಂಚನಾಮೆಯ ಪುಟ ಶೇವಂತಾಳ ಪಾಲಿಗೆ ಬಂತು. ಬೆರಳಿಟ್ಟು ಓದಿದಳು: ಅದೇ ದಿನ ಮಧ್ಯಾಹ್ನ ಒಂದರಿಂದ ಎರಡು ಗಂಟೆಯವರೆಗೆ, ಹೊಲದಲ್ಲಿ, ಇಬ್ಬರು ಪಂಚರ ಸಮಕ್ಷಮ. ಒಬ್ಬ ಪಂಚಸಾಕ್ಷಿ ಸಾಹುಕಾರನ ಆಳು. ಇನ್ನೊಬ್ಬ ಲಾಲ್ ಅಹ್ಮದ್.

ಲಾಲ್ ಅಹ್ಮದ್ ಯಾರಿಗೆ ಗೊತ್ತಿಲ್ಲ? ಠಾಣೆಯ ಗೋಡೆಗೆ ಹತ್ತಿ ಅವನ ಚಹಾದ ಬಂಡಿ. ಒಳಗೆ ಆರು ಚಹಾ ಒಯ್ದವನು ಎರಡು ಕಾಗದಕ್ಕೆ ಸಹಿ ಹಾಕಿ ಬರುತ್ತಾನೆ. ಕಾಗದದ ಪ್ರಕಾರ ಸುತ್ತಲಿನ ಎಲ್ಲ ಇಸ್ಪೀಟು ಅಡ್ಡೆ, ಎಲ್ಲ ಅಪಘಾತ, ಎಲ್ಲ ಹೊಡೆದಾಟಗಳನ್ನು ಅವನು ಕಣ್ಣಾರೆ ನೋಡಿದ್ದಾನೆ. ನಿಜದಲ್ಲಿ ಬಂಡಿ ಬಿಟ್ಟು ಅವನು ಹೋಗುವುದು ಮನೆಗೆ ಮತ್ತು ಮಸೀದಿಗೆ.

ಶೇವಂತಾಳ ಬೆರಳು ಆ ಸಾಲಿನ ಮೇಲೆಯೇ ನಿಂತಿತು. "ಅವತ್ತ ನನ್ನ ಹಿಡ್ಕೊಂಡ ಬಂದು ಠಾಣೆ ಕಟ್ಟಿ ಮ್ಯಾಲ ಕುಂದ್ರಿಸಿದ್ರು. ಗಂಟಲ ಒಣಗಿತ್ತು. ಒಂದ್ ಕಪ್ ಚಹಾ ಕೊಡಸ್ರಿ ಅಂದೆ. ಹವಾಲ್ದಾರ ಹೊರಗ ಹಣಿಕಿ ಹಾಕಿ, ಬಂಡಿ ಮುಚ್ಚ್ಯಾನ, ಜುಮ್ಮಾ ನಮಾಜಿಗಿ ಹೋಗ್ಯಾನ ಅಂದ."

ಪಂಚಶೀಲಾ ಫೋನಿನಲ್ಲಿ ಕ್ಯಾಲೆಂಡರ್ ತೆಗೆದಳು. ಶುಕ್ರವಾರ.

"ಸಿಕ್ಕ ನೋಡು," ಎಂದ ಗುಂಡಣ್ಣ. "ಖಾಲಿ ಹಾಳಿ ಮ್ಯಾಲ ಸಹಿ ಒತ್ತೀಯಿಲ್ಲೊ ಅಂತ ಕೇಳು. ಕಟಕಟಿದಾಗ ಬೆವರ ಇಳಸು ಅವಂದು."

"ಅದನ್ನ ನಾ ಕೇಳಂಗಿಲ್ಲ."

"ಯಾಕ? ನಿನ್ನ ಕಾಕಾನ ಮಗ ಏನ ಅವ?"

"ಅವ ಸಹಿ ಮಾಡಂಗಿಲ್ಲ ಅಂದಿದ್ರ ಮರುದಿನ ಬಂಡಿ ಇರ್ತಿದ್ದಿಲ್ಲ. ಸುಳ್ಳ ಬರ್ದವ್ರು ಬ್ಯಾರೆ ಕುಂತಾರ, ಗುಂಡಣ್ಣ. ಅವರ್ನ ಬಿಟ್ಟು ಚಹಾ ಕೊಡೋನ ಕುತ್ತಿಗಿ ಹಿಡಿಯೋದು ಸುಲಭ ಅದ. ಸಾಹುಕಾರನೂ ಅದ ಮಾಡ್ಯಾನ, ಸುಲಭಾಗಿ ಸಿಕ್ಕವರ್ನ ಹಿಡದಾನ."

"ಚಿಗವ್ವ, ದಾರಿ ಹೋಗ್ತದ," ಎಂದಳು ಪಂಚಶೀಲಾ, ತಾಯಿಯ ಕಡೆ ನೋಡದೆ.

"ಜುಮ್ಮಾಕ್ಕ ಹೋಗಿದ್ದೇನು ಅಂತ ಕೇಳ್ತೀನಿ. ಅದಕ್ಕ ಅವಂಗ ನಾಚಿಕಿಲ್ಲ, ಹೇಳಬಲ್ಲ. ಅಷ್ಟ ಸಾಕು."

ಹೌದು ಅಂದರೆ ಏನಾಗುತ್ತದೆ, ಇಲ್ಲ ಅಂದರೆ ಏನಾಗುತ್ತದೆ? ಇಲ್ಲ ಎಂದರೆ ದಾರಿ ಹೋಗುತ್ತಿತ್ತು. ಪಂಚಶೀಲಾ ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಆ ಪ್ರಶ್ನೆಗೆ ಗೀಟು ಹಾಕಲಿಲ್ಲ.

ಸಾಕ್ಷಿಯನ್ನು ಹೆದರಿಸಿದಳು ಎಂಬ ಇನ್ನೊಂದು ಕೇಸು ಬೀಳಬಾರದೆಂದು ಶೇವಂತಾ ಮೂರು ವಾರ ಬಂಡಿಯ ಹತ್ತಿರ ಸುಳಿಯಲಿಲ್ಲ. ದಿನಾ ಎರಡು ಹೊತ್ತು ಅಲ್ಲಿ ಚಹಾ ಕುಡಿಯುತ್ತಿದ್ದವಳು ರಸ್ತೆಯ ಆಚೆ ಬದಿಯಿಂದ ನಡೆದು ಶಾಲೆಗೆ ಹೋದಳು. ಲಾಲ್ ಅಹ್ಮದ್ ಸೌಟು ಹಿಡಿದು ನೋಡುತ್ತ ನಿಲ್ಲುತ್ತಿದ್ದ.

ಪೇಶಿಯ ದಿನ ಕೋರ್ಟಿನ ಹೊರಗೆ ಒಂದೇ ಬೆಂಚು ಸಿಕ್ಕಿತು. ಆ ತುದಿಗೆ ಅವನು, ಈ ತುದಿಗೆ ಇವಳು.

"ಅಕ್ಕ, ಚಹಾ ಬಿಟ್ಟೀಯೇನು?"

"ಪೇಶಿ ಮುಗೀಲಿ."

"ಗುಸ್ಸಾ ಅದೀಯೇನ್ ನನ್ನ ಮ್ಯಾಲ?"

"ಪೇಶಿ ಮುಗೀಲಿ ಅಂದ್ನಲ್ಲ."

ಅವನು ತಲೆಯ ಮೇಲಿನ ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ.

ಕಟಕಟೆಯಲ್ಲಿ ಸರ್ಕಾರಿ ವಕೀಲರು ಕಾಗದ ತೋರಿಸಿದರು. ಸಹಿ ನಿಮ್ಮದೇ? ಹೌದ್ರಿ. ನಿಮ್ಮ ಎದುರಿಗೇ ಕುಡುಗೋಲು ಜಪ್ತಿಯಾಯಿತೆ? "ಹೌದ್ರಿ," ಎಂದ ಲಾಲ್ ಅಹ್ಮದ್, ನೆಲ ನೋಡುತ್ತ. ಬೆರಳಚ್ಚು ಟಕಟಕ ಅಂದಿತು. ಹಿಂದಿನ ಗೋಡೆಗೆ ಒರಗಿ ಹವಾಲ್ದಾರ ನಿಂತಿದ್ದ.

ಶೇವಂತಾ ಎದ್ದಳು. ಕೈಯಲ್ಲಿ ಪಂಚಶೀಲಾ ಬರೆದುಕೊಟ್ಟ ಚೀಟಿ ಇತ್ತು. ನೋಡಲಿಲ್ಲ.

"ಲಾಲ್ ಅಹ್ಮದಣ್ಣ, ಚಹಾದ ಬಂಡಿ ಎಷ್ಟು ವರ್ಷದಿಂದ ನಡಸಾಕತ್ತೀರಿ?"

"ಇಪ್ಪತ್ತೆರಡು."

"ವಾರದಾಗ ಯಾವಾಗರೆ ಮುಚ್ಚತೀರೇನು?"

"ಮುಚ್ಚಂಗಿಲ್ಲ. ಶುಕ್ರವಾರ ಅಷ್ಟ, ಹನ್ನೆರಡೂವರಿಗಿ ಮುಚ್ಚಿ ಎರಡೂವರಿಗಿ ತೆಗಿತೀನಿ."

"ಯಾಕ?"

"ಜುಮ್ಮಾ ನಮಾಜಿಗಿ."

"ಇಷ್ಟ ವರ್ಷದಾಗ ಎಷ್ಟು ಜುಮ್ಮಾ ಬಿಟ್ಟೀರಿ?"

"ಒಂದೂ ಇಲ್ಲ. ಲಾಕ್‌ಡೌನಿನಾಗ ತಪ್ಪ್ಯಾವ. ಅವು ನಾ ಬಿಟ್ಟದ್ದಲ್ಲ, ಬಿಡಿಸಿದ್ದು."

ಯಾರೋ ಕಿಸಕ್ಕೆಂದರು. ಶೇವಂತಾ ನಗಲಿಲ್ಲ. "ಹೋದ ವರ್ಷ ಫೆಬ್ರವರಿ ಹದಿನಾರು, ಶುಕ್ರವಾರ ಇತ್ತು. ಅವತ್ತಿನ ಜುಮ್ಮಾಕ್ಕ ಹೋಗಿದ್ರೇನು?"

ಲಾಲ್ ಅಹ್ಮದ್ ತಲೆ ಎತ್ತಿದ. ಅವನ ಕಣ್ಣು ಹವಾಲ್ದಾರ ನಿಂತ ಗೋಡೆಯ ಕಡೆ ಹೋಗಿ ಬಂತು. ಸರ್ಕಾರಿ ವಕೀಲರು ಕಾಗದದಲ್ಲಿ ತಾರೀಖು ಹುಡುಕತೊಡಗಿದರು. ಠಾಣೆಯ ಕಾಗದದ ಮೇಲೆ ಸುಳ್ಳಿಗೆ ಸಹಿ ಹಾಕುವುದು ಅವನಿಗೆ ಇಪ್ಪತ್ತೆರಡು ವರ್ಷದ ರೂಢಿ. ಈಗ ಕೇಳಿದ್ದು ಠಾಣೆಗೆ ಸಂಬಂಧಪಟ್ಟದ್ದಲ್ಲ.

"ಹೋಗಿದ್ದೆ," ಎಂದ.

ನ್ಯಾಯಾಧೀಶರು ಬೆರಳಚ್ಚುಗಾರನಿಗೆ ಹೇಳಿ ಬರೆಸಿದರು: "ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಗೆ ಹೋಗುವ ರೂಢಿ ನನಗೆ ಇರುತ್ತದೆ."

"ಸಾಹೇಬ್ರ, ರೂಢಿ ಅಂದಿಲ್ರಿ ಅವ್ರು. ಅವತ್ತ ಹೋಗಿದ್ದೆ ಅಂದಾರ. ಅವ್ರ ಅಂದದ್ದು ಬರಸ್ರಿ."

ಕಪ್ಪು ಕೋಟುಗಳ ಸಾಲಿನಲ್ಲಿ ತಲೆಗಳು ತಿರುಗಿದವು. ನ್ಯಾಯಾಧೀಶರು ಅವಳ ಕಡೆ ತಲೆಯಾಡಿಸಿದರು. ಆಮೇಲೆ ಬೆರಳಚ್ಚುಗಾರನಿಗೆ, "ಆ ಸಾಲು ತೆಗೀರಿ. 'ಆ ದಿನ ಪ್ರಾರ್ಥನೆಗೆ ಹೋಗಿದ್ದೆ' ಅಂತ ಹಾಕಿ. ಬಂಡಿ ಮುಚ್ಚಿದ ಹೊತ್ತು, ತೆಗೆದ ಹೊತ್ತು ಎರಡನ್ನೂ ಹಾಕಿ," ಎಂದರು.

"ನಂದು ಇಷ್ಟ ರಿ," ಎಂದು ಶೇವಂತಾ ಹಿಂದೆ ಸರಿದಳು. ಕೊನೆಯ ಬೆಂಚಿನಲ್ಲಿ ಗುಂಡಣ್ಣ ತಲೆ ಹಿಡಿದುಕೊಂಡ. ಇನ್ನೊಂದು ಪ್ರಶ್ನೆ, ಒಂದೇ ಒಂದು, ಅವಳ ಕೈಯಲ್ಲಿತ್ತು.

ಸರ್ಕಾರಿ ವಕೀಲರು ಎದ್ದರು. ಸೋಲುವ ಅಭ್ಯಾಸವಿಲ್ಲದ ದನಿಯಲ್ಲಿ ಕೇಳಿದರು: "ಅವತ್ತು ಪಂಚನಾಮೆ ಮುಗಿಸಿಕೊಂಡು ನಮಾಜಿಗೆ ಹೋದಿರಿ. ಹೌದಲ್ಲ?"

ಹೌದು ಎಂದಿದ್ದರೆ ಬಂಡಿ ಉಳಿಯುತ್ತಿತ್ತು. ನೆನಪಿಲ್ಲ ಎಂದಿದ್ದರೂ ಉಳಿಯುತ್ತಿತ್ತು. ಲಾಲ್ ಅಹ್ಮದ್ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದ.

"ಇಲ್ರಿ ವಕೀಲ ಸಾಬ್. ಹೊಲ ಎಲ್ಲದ ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಸಂಜಿ ಐದರ ಚಹಾ ಒಯ್ದಾಗ ಠಾಣೆದಾಗ ಸಹಿ ಮಾಡೀನಿ. ಕುಡಗೋಲ ನೋಡಿಲ್ಲ. ಏನ್ ಬರ್ದದಂತ ಓದಿಲ್ಲ, ಓದ್ರಿ ಅಂತ ಯಾರೂ ಅಂದಿಲ್ಲ. ಈಕಿ ಕೇಳಿದ್ರ ಬೈದ ಕೇಳ್ತಾಳ ಅನ್ಕೊಂಡ ಬಂದಿದ್ದೆ. ಈಕಿ ನನ್ನ ನಮಾಜಿಂದು ಕೇಳಿದ್ಲು. ಅದರ ಮ್ಯಾಲ ನನಗ ಸುಳ್ಳ ಬರಂಗಿಲ್ಲ ರಿ."

ನ್ಯಾಯಾಧೀಶರು ಕೇಳುವ ಮೊದಲೇ ಬೆರಳಚ್ಚು ಶುರುವಾಗಿತ್ತು.

ತೀರ್ಪು ಬರಲು ಇನ್ನೂ ಮೂರು ಪೇಶಿ ಹಿಡಿಯಿತು. ಆ ನಡುವೆ ಬಂಡಿ ಗೋಡೆಯ ಪಕ್ಕದಿಂದ ಹೋಗಿತ್ತು. ಸಾಕ್ಷಿ ನುಡಿದ ಮರುದಿನವೇ "ಟ್ರಾಫಿಕ್‌ಗೆ ಅಡ್ಡಿ" ಎಂಬ ಕಾರಣ ಹುಟ್ಟಿಕೊಂಡಿತು. ಇಪ್ಪತ್ತೆರಡು ವರ್ಷ ಅಡ್ಡಿಯಾಗದ ಬಂಡಿ. ಕೇರಿಯ ಹೆಂಗಸರು ಅದನ್ನು ತಳ್ಳಿಕೊಂಡು ಹೋಗಿ ಶಾಲೆಯ ತಿರುವಿನ ಬೇವಿನ ಮರದ ಕೆಳಗೆ ನಿಲ್ಲಿಸಿದರು. ದಾರಿಯುದ್ದಕ್ಕೂ ಲಾಲ್ ಅಹ್ಮದ್, "ಹಗೂರಕ, ಹಗೂರಕ, ಸ್ಟೋವ್ ಬಿದ್ದೀತು," ಎನ್ನುತ್ತ ಹಿಂದೆ ಓಡಿದ. ಮೊದಲ ವಾರ ಗಿರಾಕಿ ಕಡಿಮೆ. ಎರಡನೆಯ ವಾರ ಶಾಲೆಯ ಮಾಸ್ತರರು ಬಂದರು, ಅವರ ಹಿಂದೆ ಆಟೋದವರು ಬಂದರು.

ತೀರ್ಪಿನ ದಿನ ಜವಾನ ಮೂರು ಸಲ ಕೂಗಿದ. ನ್ಯಾಯಾಧೀಶರು ಕೊನೆಯ ಪುಟವನ್ನು ಮಾತ್ರ ಓದಿದರು: ಜಪ್ತಿ ಸಾಬೀತಾಗಿಲ್ಲ, ಬೆದರಿಕೆ ಸಾಬೀತಾಗಿಲ್ಲ, ಆರೋಪಿಯನ್ನು ಖುಲಾಸೆ ಮಾಡಲಾಗಿದೆ. ಹೊರಗೆ ಮೆಟ್ಟಿಲ ಮೇಲೆ ಪಂಚಶೀಲಾ ನಕಲು ಪ್ರತಿಯನ್ನು ಮೊದಲ ಪುಟದಿಂದ ಓದಿದಳು. 'ಆರೋಪಿ ಪರ ವಕೀಲರು' ಎಂಬಲ್ಲಿ ಒಂದೇ ಪದವಿತ್ತು: ಸ್ವತಃ. ಹಿಂದೆ ನಕ್ಕಿದ್ದ ಕಪ್ಪು ಕೋಟಿನವನೊಬ್ಬ ನಿಂತು, "ವಕೀಲಬಾಯಿ, ನಮ್ಮ ಕಕ್ಷಿದಾರರ್ನ ಕಸಗೋಬ್ಯಾಡ್ರಿ ಮತ್ತ," ಅಂದ. ಈ ಸಲದ ನಗುವಿನಲ್ಲಿ ಶೇವಂತಾಳ ಪಾಲೂ ಇತ್ತು.

ಆ ಕಾಗದ ಹಿಡಿದು ಕಚೇರಿಗೆ ಹೋದರು. ಇತ್ಯರ್ಥವಾಗಲಿ ಎಂದಿದ್ದವರ ಮೇಜಿನ ಮೇಲೆ ಇತ್ಯರ್ಥವನ್ನು ಇಟ್ಟರು. ನಾಲ್ಕು ಸಲ ಅಲೆದಾಡಿಸಿದರು, ಐದನೆಯ ಸಲ ಸರ್ವೆಯವರು ನಕ್ಷೆ ತಂದರು. ಹಳೆಯ ನಕ್ಷೆಯಲ್ಲಿ ದಾರಿ ಚುಕ್ಕೆ ಚುಕ್ಕೆಯಾಗಿ ಇತ್ತು. ಸಾಹುಕಾರ ಬರಲಿಲ್ಲ, ಮೇಲಿನ ಕೋರ್ಟಿಗೆ ಹೋಗುತ್ತೇನೆಂದು ಆಳಿನ ಕೈಯಲ್ಲಿ ಹೇಳಿಕಳಿಸಿದ. "ಬಾ ಅನ್ನು, ಅಲ್ಲಿಗೂ ಬಸ್ಸು ಅದಾವ," ಎಂದಳು ಶೇವಂತಾ.

ಜಾಲಿಮುಳ್ಳು ಎಳೆದು ಬದಿಗೆ ಹಾಕುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಅಂದು ಕೇರಿಯಲ್ಲಿ ಯಾರೂ ಸತ್ತಿರಲಿಲ್ಲ. ಹೆಣವಿಲ್ಲದೆ, ಅಳುವಿಲ್ಲದೆ, ಬರೀ ನಡೆಯಬೇಕೆಂದು ಹೆಂಗಸರು ಆ ದಾರಿಗೆ ಇಳಿದದ್ದು ಅದೇ ಮೊದಲು. ಹೆಂಟೆ ಎದ್ದಿದ್ದ ನೆಲ. ಕಾಲು ಒಂದೊಂದು ಕಡೆ ಹೊರಳುತ್ತಿತ್ತು. ಎಲ್ಲರಿಗಿಂತ ಮುಂದೆ ಜಯದೇವಿ, ಸೆರಗು ಬಿಗಿದುಕೊಂಡು, ಓಡಿದಂತೆ ನಡೆಯುತ್ತಿದ್ದಳು.

"ಸಾವಕಾಶ ಹೋಗ, ಅಂವ ಎಲ್ಲಿಗಿ ಓಡಿ ಹೋಗ್ತಾನ?" ಎಂದು ಶೇವಂತಾ ಹಿಂದಿನಿಂದ ಕೂಗಿದಳು.

"ವರ್ಷ ಆತು ಮಾತಾಡಿ," ಎಂದಳು ಜಯದೇವಿ, ತಿರುಗದೆ. "ಹೇಳೋದು ಭಾಳ ಅದ."